ಅಕ್ಕನ ಬಲಗೈಯ ಇಂಗ್ಲಿಷ್

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ಸೊರಬದ ಶಾಲೆಯ ಬಾಗಿಲ ಬಳಿ ಅಕ್ಕನಿಗೆ ಆ ಮಾತು ಹೇಳಿದವಳು ಅವ್ವ, ಇನ್ನೊಂದರಲ್ಲಿ ಯಾರೋ ಜವಾನ. ಅವ್ವ ಅಂದು ಸೊರಬಕ್ಕೆ ಬಂದೇ ಇರಲಿಲ್ಲ. ಜವಾನನನ್ನು ಹುಟ್ಟಿಸಿದ್ದು ನಾನು. ಹೇಳಿದವಳೂ ನಾನೇ.

ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಅಕ್ಕ ಶಿಕಾರಿಪುರದ ನಮ್ಮ ಮನೆಗೆ ಮರಳಿದ್ದಳು. ಸೊರಬದಲ್ಲಿ ಊರಿನ ಹಿರಿಯರು ಸೇರಿ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆಯುವವರಿದ್ದರು. ಇಂಗ್ಲಿಷಿನ ಮೊದಲ ಪಾಠಗಳನ್ನು ಹೇಳಿಕೊಡಲು ಒಬ್ಬ ಹೆಂಗಸು ಬೇಕು, ಗಟ್ಟಿಯಾಗಿ ಓದಿಸಿ ನೋಡುತ್ತೇವೆ ಎಂದಿದ್ದರು. ಇರಲು ಒಂದು ಕೋಣೆಯನ್ನೂ ಕೊಡುವವರಿದ್ದರು. ಆ ಕೋಣೆಯ ಸುದ್ದಿ ಕೇಳಿದಂದಿನಿಂದ ಅಕ್ಕ ಬೇರೆಯೇ ಆದಳು.

"ಒಂದು ಒಲೆ ಇದ್ರೆ ಸಾಕು ಕಣೇ," ಎಂದಳು. "ನಾನು ಎಷ್ಟೊತ್ತಿಗೆ ಉಂಡೆ, ಏನು ಉಂಡೆ ಅಂತ ಯಾರೂ ನೋಡ್ಬಾರ್ದು."

ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ನಾನೇ ಅವಳಿಗೆ ಮೇಷ್ಟರು. ಅರ್ಥವೆಲ್ಲ ಬೇಗ ಬಂತು. ಬಾರದ್ದು ಹ್ರಸ್ವ, ದೀರ್ಘ. ಕನ್ನಡದಲ್ಲಿ ದೀರ್ಘ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದೇ ಎರಡು 'ಓ' ಕಾಲಿನ 'ಫುಟ್'ನಲ್ಲಿ ಗಿಡ್ಡ, ಊಟದ 'ಫೂಡ್'ನಲ್ಲಿ ಉದ್ದ. ಯಾಕೆ ಹಾಗೆ ಎಂದು ನನಗೂ ಗೊತ್ತಿರಲಿಲ್ಲ.

"ದೀರ್ಘ ಹಾಕಕ್ಕೆ ಮಸಿ ಸಾಲ್ಲಿಲ್ವೇನೇ ಇವ್ರಿಗೆ?" ಎಂದು ಅಕ್ಕ ಕೇಳಿದಳು.

ದಾರಿ ಕಂಡುಕೊಂಡವಳೂ ಅವಳೇ. ಅಪ್ಪ ಷಟ್ಪದಿ ಓದುವಾಗ ಬೆರಳಿನಲ್ಲಿ ಮಾತ್ರೆ ಎಣಿಸುತ್ತಿದ್ದರು, ಲಘುವಿಗೆ ಒಂದು, ಗುರುವಿಗೆ ಎರಡು. ಅದನ್ನು ನೋಡಿ ಬೆಳೆದ ಅಕ್ಕ, ಹ್ರಸ್ವಕ್ಕೆ ಬಲಗೈ ಮುಚ್ಚುವುದು, ದೀರ್ಘಕ್ಕೆ ಬಿಚ್ಚುವುದು ಎಂದು ಮಾಡಿಕೊಂಡಳು. ಒಂದೊಂದು ಪದವನ್ನೂ ಕೈಗೆ ಕಲಿಸಿದಳು. ಕೈ ಮೊದಲು ಬಿಚ್ಚಿಕೊಳ್ಳುತ್ತಿತ್ತು, ನಾಲಿಗೆ ಅದರ ಹಿಂದೆ ಹೋಗುತ್ತಿತ್ತು. ರೊಟ್ಟಿಯ ಹಿಟ್ಟಿನ ಮುಂದೆ ಕೂತಾಗಲೂ ಅದೇ ಅಭ್ಯಾಸ.

"ಹಿಟ್ಟು ನಾದ್ತೀಯೋ, ಇಂಗ್ಲಿಷ್ ನಾದ್ತೀಯೋ?" ಎಂದು ಅವ್ವ ಕೇಳಿದರೆ, "ಎರಡೂ ಹದಕ್ಕೆ ಬರ್ಬೇಕಲ್ಲವ್ವ," ಎನ್ನುತ್ತಿದ್ದಳು.

ಗಂಡ ಹೋದ ಮೇಲೆ ಅವಳು ನಕ್ಕದ್ದು ಆಗ. ಆ ನಗುವನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಓದಿನಲ್ಲಿ ತಪ್ಪು ಹುಡುಕಿದರೂ ನನಗೆ ಸಿಗುತ್ತಿರಲಿಲ್ಲ ಎಂಬುದು ನಿಜ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋದೆವು, ನಾವಿಬ್ಬರೇ. ದಾರಿಯುದ್ದಕ್ಕೂ ಅವಳ ಕೈ ಮಡಿಲಲ್ಲಿ ಮುಚ್ಚುತ್ತ, ಬಿಚ್ಚುತ್ತ ಇತ್ತು. ಶಾಲೆಯ ಕೋಣೆಯಲ್ಲಿ ನಾಲ್ಕು ಜನ ಹಿರಿಯರು ಕುರ್ಚಿ ಹಾಕಿ ಕೂತಿದ್ದರು. ಬೋರ್ಡಿನ ಮೇಲೆ ಇಂಗ್ಲಿಷಿನ ಏಳೆಂಟು ಸಾಲು. ಬಾಗಿಲಲ್ಲಿ ನಾನು ಅವಳ ಸೆರಗು ಸರಿಮಾಡಿ ಮೆಲ್ಲಗೆ ಹೇಳಿದೆ: "ಕೈ ಕಟ್ಕಂಡು ನಿಂತ್ಕ ಅಕ್ಕ, ದೊಡ್ಡೋರು ಕೂತಿದಾರೆ. ಕೈ ಆಡಿಸ್ಬೇಡ, ಹುಚ್ಚಿ ಅಂದ್ಕಂತಾರೆ."

ನಮ್ಮ ಕಡೆ ಹಿರಿಯರ ಮುಂದೆ ನಿಲ್ಲುವುದೇ ಹಾಗೆ, ಎರಡೂ ಅಂಗೈ ಕಂಕುಳಿಗೆ ಸೇರಿಸಿ, ತಲೆ ತುಸು ತಗ್ಗಿಸಿ. ಆ ಕೈ ಇಲ್ಲದೆ ಅವಳು ಓದಲಾರಳೆಂದು ಈ ಲೋಕದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ಹೊತ್ತಿಗೆ ನನಗೆ ನೆನಪಾದದ್ದು ಮರ್ಯಾದೆ.

ಅಕ್ಕ ಕೈ ಕಟ್ಟಿದಳು. ಮೊದಲ ಸಾಲು ಹೇಗೋ ದಾಟಿದಳು. ಎರಡನೆಯದರಲ್ಲಿ ನಿಂತಳು. ಕಂಕುಳಲ್ಲಿ ಸಿಕ್ಕ ಕೈ ಮಿಸುಕಿದ್ದು ಕಂಡಿತು. ಕಂಡಿತೇ? ನಾನು ನಿಂತ ಕಡೆಗೆ ಅವಳ ಬೆನ್ನಿತ್ತು.

"ಓದಮ್ಮ, ಹೆದರ್ಕೋಬೇಡ," ಎಂದರು ಒಬ್ಬರು. ದನಿಯಲ್ಲಿ ಕರುಣೆಯಿತ್ತು.

ಮುಂದಿನದನ್ನೆಲ್ಲ ಅವಳು ಒಂದೇ ಅಳತೆಯಲ್ಲಿ ಓದಿದಳು, ಪ್ರತಿ ಪದವೂ ಗಿಡ್ಡ, ಬೇಗ ಮುಗಿಸಿ ಹೊರಗೆ ಬರಬೇಕು ಎನ್ನುವಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆಯ್ತಮ್ಮ, ಕಾಗದ ಹಾಕ್ತೀವಿ."

ಬಸ್ಸಿನಲ್ಲಿ ನಾನೇ ಸಿಡುಕಿದೆ. "ಕೈ ಬಿಚ್ಚಬಹುದಿತ್ತಲ್ಲ ಅಕ್ಕ?"

ಬಾಗಿಲಲ್ಲಿ ನಾನು ಹೇಳಿದ್ದನ್ನು ಅವಳು ಎತ್ತಿ ಆಡಲಿಲ್ಲ. "ಅವರ ಎದುರಿಗೇನೇ? ಅಷ್ಟು ಧೈರ್ಯ ಇದ್ದಿದ್ರೆ ಸೊರಬಕ್ಕೆ ಯಾಕೆ ಬರ್ಬೇಕಿತ್ತು, ನಮ್ಮನೇಲೇ ಬೇಕಾದ ಹೊತ್ತಿಗೆ ಉಣ್ತಿದ್ದೆ," ಎಂದಳು.

ಕಾಗದ ಬರಲಿಲ್ಲ. ಮೇಷ್ಟರ ಕೆಲಸ ಕೆಲವು ವರ್ಷಗಳ ನಂತರ ನನಗೆ ಸಿಕ್ಕಿತು, ನಮ್ಮೂರಿನಲ್ಲೇ. ಸಂಜೆ ಮನೆಪಾಠಕ್ಕೆ ಬರುತ್ತಿದ್ದ ಮಕ್ಕಳಿಗೆ ನಾನು ಕಲಿಸಿದ್ದು ಅಕ್ಕನ ವಿದ್ಯೆ. ಜಗುಲಿಯ ಮೇಲೆ ಹದಿನೈದು ಪುಟ್ಟ ಕೈಗಳು ಒಟ್ಟಿಗೆ ಬಿಚ್ಚುತ್ತಿದ್ದವು. ಒಂದು ದಿನ ಅಕ್ಕಿ ಆರಿಸುತ್ತಿದ್ದ ಅಕ್ಕ ಮೊರ ಕೆಳಗಿಟ್ಟು ಬಾಗಿಲಿಗೆ ಬಂದಳು. ಸ್ವಲ್ಪ ಹೊತ್ತು ಕೇಳಿದಳು. ತುಟಿ ಅಲುಗಿತು. ಆಮೇಲೆ, ಮಕ್ಕಳ ಮುಂದೆ, ನನ್ನ ಮುಂದೆ, ಕೈ ಕಟ್ಟಿಕೊಂಡು ನಿಂತಳು.

"ಕೈ ಬಿಚ್ಚು ಅಕ್ಕ" ಎಂದು ನಾನು ಹೇಳಿದೆನೆಂದು ಹರಿದು ಹಾಕಿದ ಮೂರರಲ್ಲೂ ಬರೆದಿದ್ದೆ. ಹೇಳಲಿಲ್ಲ. ಮುಂದಿನ ಪದ ಓದಿಸಿದೆ.