ಪೆಟ್ಟಿಗೆಯ ಅಡಿಯ ಕೊನೇ ಸ್ವಿಚ್ಚು

ಇದು ನಡೆದದ್ದು ೧೯೯೭ರಲ್ಲಿ. ಮಲ್ಲೇಶ್ವರದ ಹದಿನೈದನೇ ಕ್ರಾಸಿನ ಹತ್ತಿರ ನಮ್ಮ ಮನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ನನ್ನದು ಮೊದಲಿನಿಂದಲೂ ಅನುಮಾನದ ಸ್ವಭಾವ. ತರಕಾರಿಯವನ ತಕ್ಕಡಿಯ ತಳ ನೋಡುವವಳು, ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡಿಯೇ ಒಳಗೆ ಬಿಟ್ಟುಕೊಳ್ಳುವವಳು. "ನಿನ್ನನ್ನ ಪೊಲೀಸ್ ಕೆಲಸಕ್ಕೆ ಸೇರಿಸ್ಬೇಕಿತ್ತು ಕಣೇ" ಎಂದು ನಮ್ಮ ಯಜಮಾನರು ಹಾಸ್ಯ ಮಾಡುತ್ತಿದ್ದರು.

ನಮ್ಮ ಅತ್ತೆ ಸಂಗೀತದ ಟೀಚರು. ಮೂವತ್ತು ವರ್ಷಗಳಿಂದ ಸಂಜೆ ಹೊತ್ತು ಹಾಲಿನಲ್ಲಿ ಚಾಪೆ ಹಾಸಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಅವರ ಹತ್ತಿರ ಒಂದು ಬೀರು ತುಂಬ ಹಳೆಯ ಗ್ರಾಮಫೋನ್ ರೆಕಾರ್ಡುಗಳಿದ್ದವು. ಪಾಠಕ್ಕೆ ಮೊದಲು ರೆಕಾರ್ಡು ಹಾಕಿ, ಸಾಹಿತ್ಯ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ಅವರ ಪದ್ಧತಿ.

ಆ ವರ್ಷ ನಾವು ಹೊಸ ಆಂಪ್ಲಿಫೈಯರ್ ಕೊಂಡೆವು. ಅದಕ್ಕೆ ರೆಕಾರ್ಡ್ ಪ್ಲೇಯರನ್ನು ಜೋಡಿಸಿದರೆ ಸೊಳ್ಳೆಯಷ್ಟು ಸದ್ದು. ನಡುವೆ ಇನ್ನೊಂದು ಪುಟ್ಟ ಪೆಟ್ಟಿಗೆ ಬೇಕು ಎಂದು ಯಾರೋ ಹೇಳಿದರು. ಬಳೇಪೇಟೆಯ ಗಲ್ಲಿಯೊಂದರಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನಂಜುಂಡಪ್ಪನವರು ಅದನ್ನು ತಮ್ಮ ಕೈಯಾರೆ ಮಾಡಿ, ಒಂದು ಭಾನುವಾರ ಮನೆಗೆ ತಂದರು. ಐವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಪೆಟ್ಟಿಗೆ ಬೋರಲು ಹಾಕಿ ತಳದಲ್ಲಿದ್ದ ನಾಲ್ಕು ಸಣ್ಣ ಸ್ವಿಚ್ಚುಗಳನ್ನು ತೋರಿಸಿದರು. ಅಕ್ಕಿಕಾಳಿನಷ್ಟು ಸಣ್ಣವು, ಕಡ್ಡಿಯಿಂದಲೇ ಸರಿಸಬೇಕು.

"ಸೂಜಿ ಕೂರಿಸೋ ಕಾರ್ಟ್ರಿಡ್ಜ್ ಇದೆಯಲ್ಲಮ್ಮ, ಒಂದೊಂದಕ್ಕೂ ಒಂದೊಂದು ಲೋಡ್ ಬೇಕು, ಈ ಸ್ವಿಚ್ಚುಗಳು ಅದಕ್ಕೇ. ಕಮ್ಮಿಯಾದ್ರೆ ಸಪ್ಪೆ, ಜಾಸ್ತಿಯಾದ್ರೆ ಕೀರಲು. ಪುಸ್ತಕದಲ್ಲಿ ಏನೇ ಬರೆದಿರ್ಲಿ, ಕೊನೆಗೆ ಮನೆಯವರ ಕಿವಿಯೇ ಹೇಳ್ಬೇಕು" ಎಂದರು.

ಒಂದೇ ಹಾಡನ್ನು ನಾಲ್ಕು ಸಲ ಹಾಕಿದರು. ಎರಡನೇ ಸ್ವಿಚ್ಚಿನಲ್ಲಿ ಹಾಡು ಹದವಾಗಿ ಕೇಳಿಸಿತು. ನಾಲ್ಕನೆಯದರಲ್ಲಿ 'ಸ' ಬಂದಾಗಲೆಲ್ಲ ಸ್ಲೇಟಿನ ಮೇಲೆ ಉಗುರು ಗೀರಿದಂತಾಯಿತು.

ಅತ್ತೆ ಮಾತ್ರ "ಆ ಕೊನೇದನ್ನ ಇನ್ನೊಂದ್ಸಲ ಹಾಕಿ" ಎಂದರು. ಕೇಳಿ, "ಇದು ಚೆನ್ನಾಗಿದೆ. ಮಾತು ಬಿಡಿಬಿಡಿಯಾಗಿದೆ" ಎಂದರು.

"ಅಯ್ಯೋ ಅತ್ತೆ, ಕಿವಿ ಕೊರೆಯುತ್ತಲ್ಲ!" ಎಂದೆ.

ಅತ್ತೆ ನನ್ನ ಮುಖ ನೋಡಿ "ಹೌದಲ್ವಾ" ಎಂದು ನಕ್ಕುಬಿಟ್ಟರು. ನಂಜುಂಡಪ್ಪನವರು ಎರಡನೇ ಸ್ವಿಚ್ಚಿಗೇ ಕೂರಿಸಿ, ಇನ್ನು ಯಾರೂ ಮುಟ್ಟಬೇಡಿ ಎಂದರು. ನಾನು ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಇಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದವರು, ನನ್ನನ್ನು ಕಂಡು ಥಟ್ಟನೆ ಸುಮ್ಮನಾದರು. ಮುದುಕಿಗೆ ಏನೋ ಟೋಪಿ ಹಾಕಲು ನೋಡುತ್ತಿದ್ದಾನೆ ಎಂದು ನನಗೆ ಅಲ್ಲೇ ಅನ್ನಿಸಿತು. ಸಾಲದ್ದಕ್ಕೆ, ಕಾರ್ಟ್ರಿಡ್ಜನ್ನು ಶುಚಿ ಮಾಡಿ ಕೊಡುತ್ತೇನೆಂದು ಒಂದು ದಿನ ಅಂಗಡಿಗೆ ಒಯ್ದರು.

ಎರಡು ವಾರದ ನಂತರ ಒಂದು ಸಂಜೆ ರೆಕಾರ್ಡು ಹಾಕಿದರೆ, ಅದೇ ಕೀರಲು ಸದ್ದು! ಮರುದಿನ ಸರಿಯಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಕೀರಲು. ಒಳ್ಳೆಯ ಮಾಲಾಗಿದ್ದರೆ ಹೀಗೆ ದಿನಕ್ಕೊಂದು ಥರ ಆಡುತ್ತದೆಯೇ? ನನ್ನ ಲೆಕ್ಕ ಪಕ್ಕಾ ಆಯಿತು. ಅಂಗಡಿಗೆ ಒಯ್ದ ದಿನ ಅಸಲಿಯನ್ನು ಇಟ್ಟುಕೊಂಡು ನಕಲಿ ಕೂರಿಸಿದ್ದಾನೆ.

ಶನಿವಾರ ನೇರ ಬಳೇಪೇಟೆಗೆ ಹೋದೆ. ಅಂಗಡಿಯಲ್ಲಿ ಮೂರ್ನಾಲ್ಕು ಗಿರಾಕಿಗಳಿದ್ದರು. ಅವರೆದುರಿಗೇ "ಏನ್ರೀ, ನಮ್ಮ ಅಸಲಿ ಕಾರ್ಟ್ರಿಡ್ಜ್ ಎಲ್ಲಿಟ್ಟಿದೀರಿ?" ಎಂದು ಕೇಳಿದೆ. ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಅವರು ಮೆಲ್ಲಗೆ ಕೆಳಗಿಟ್ಟರು. ಮುಖ ಕೆಂಪಾಗಿತ್ತು. "ನಾನು ಬಂದು ನೋಡ್ತೀನಮ್ಮ" ಎಂದಷ್ಟೇ ಹೇಳಿದರು.

ಸಂಜೆ ಬಂದು ಪೆಟ್ಟಿಗೆ ಬೋರಲು ಹಾಕಿದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ನಂಜುಂಡಪ್ಪನವರು ಸ್ವಿಚ್ಚು ನೋಡಿದರು, ಅತ್ತೆಯನ್ನು ನೋಡಿದರು.

"ತಪ್ಪು ನಂದೇ ಅಮ್ಮ. ಆವತ್ತು ಸ್ವಿಚ್ಚು ಸರಿಯಾಗಿ ಕೂರಿಸಿರ್ಲಿಲ್ಲ. ಕಾರ್ಟ್ರಿಡ್ಜು ನಿಮ್ದೇ, ಬದಲಾಯಿಸಿಲ್ಲ" ಎಂದರು.

ತಪ್ಪು ಒಪ್ಪಿಕೊಂಡ ಮೇಲೆ ಉಳಿದದ್ದನ್ನು ನಂಬುವುದುಂಟೇ? ಪಕ್ಕದ ಮನೆ ವನಜಮ್ಮನಿಗೆ ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಆಕೆ ನಂಜುಂಡಪ್ಪನವರ ಅಂಗಡಿಗೆ ಕೊಟ್ಟಿದ್ದ ತಮ್ಮ ಟೇಪ್ ರೆಕಾರ್ಡರನ್ನು ರಿಪೇರಿ ಆಗುವ ಮುಂಚೆಯೇ ವಾಪಸ್ ತಂದರು. ನಮ್ಮ ಬೀದಿಯ ಇನ್ನೆರಡು ಮನೆಯವರೂ ಅವರನ್ನು ಕರೆಯುವುದು ಬಿಟ್ಟರು. ನಿಜ ಹೇಳುತ್ತೇನೆ, ಆಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮುಂದೆ ಮೋಸವಾಗಬಾರದೆಂದು ಕಾರ್ಟ್ರಿಡ್ಜಿನ ಪಕ್ಕಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟೆ. ತಿಂಗಳೊಳಗೆ ಮತ್ತೆ ಕೀರಲು ಕೇಳಿಸಿತು. ನೋಡಿದರೆ ಚುಕ್ಕೆ ಇದ್ದ ಹಾಗೇ ಇದೆ! ನಂಜುಂಡಪ್ಪನವರು ನಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ಅಂದಮೇಲೆ ಕೈ ಆಡಿಸುತ್ತಿರುವವರು ಮನೆಯೊಳಗೇ ಇದ್ದಾರೆ. ಒಂದು ಬುಧವಾರ ಯಾರಿಗೂ ಹೇಳದೆ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ.

ಗೇಟಿನ ಹತ್ತಿರವೇ ಆ ಸದ್ದು ಕೇಳಿಸಿತು. ಚಪ್ಪಲಿ ಕೈಯಲ್ಲಿ ಹಿಡಿದು ಕಿಟಕಿಯಿಂದ ಇಣುಕಿದೆ. ಅತ್ತೆ ನೆಲದ ಮೇಲೆ ಕೂತು ಕಿವಿಯನ್ನು ಸ್ಪೀಕರಿಗೆ ಒತ್ತಿಕೊಂಡಿದ್ದರು. ತೊಡೆಯ ಮೇಲೆ ನೋಟ್‌ಬುಕ್ಕು. ಒಂದು ಸಾಲು ಕೇಳುವುದು, ಸೂಜಿ ಎತ್ತಿ ಹಿಂದಕ್ಕಿಟ್ಟು ಮತ್ತೆ ಅದೇ ಸಾಲು ಕೇಳುವುದು. ಆಮೇಲೆ ಗಡಿಯಾರ ನೋಡಿ, ತುರುಬಿನಿಂದ ಹೇರ್‌ಪಿನ್ ತೆಗೆದು, ಪೆಟ್ಟಿಗೆ ಬೋರಲು ಮಾಡಿ, ಕೊನೇ ಸ್ವಿಚ್ಚಿನಿಂದ ಎರಡನೆಯದಕ್ಕೆ ಸರಿಸಿದರು. ಎಂದಾದರೂ ಸರಿಸಲು ಮರೆತ ದಿನವೇ ನನಗೆ ಕೀರಲು ಕೇಳಿಸುತ್ತಿತ್ತು.

ನಾನು ಒಳಗೆ ಹೋದೆ. ಅತ್ತೆಯ ಕೈಯಲ್ಲಿ ಪಿನ್ನು ಹಾಗೇ ಇತ್ತು.

"ಶ್ರುತಿ ತಪ್ಪಿದ್ರೆ ಈಗಲೂ ಹಿಡೀತೀನಿ ಕಣೇ. ಮಾತೇ ಹಿಡಿಯಕ್ಕಾಗ್ತಿಲ್ಲ. ಸ, ಶ, ತ ಯಾವುದೂ ಕೇಳ್ಸಲ್ಲ. ಈ ಕೊನೇ ಸ್ವಿಚ್ಚಲ್ಲಿ ಒಂದಿಷ್ಟು ಸಿಗುತ್ತೆ. ಕಿವುಡಿ ಹತ್ರ ಸಂಗೀತ ಕಲಿಯೋಕೆ ಮಕ್ಕಳನ್ನ ಯಾರು ಕಳಿಸ್ತಾರೆ ಹೇಳು?"

"ನಂಜುಂಡಪ್ಪನವರಿಗೆ ಗೊತ್ತಿತ್ತಾ?"

"ಮೊದಲ್ನೇ ದಿನವೇ. ನಾನು ಕೊನೇದು ಚೆನ್ನಾಗಿದೆ ಅಂದಾಗ್ಲೇ ಅವ್ರಿಗೆ ಗೊತ್ತಾಗ್ಹೋಯ್ತು. ಯಾರಿಗೂ ಹೇಳ್ಬೇಡಿ ಅಂತ ಕೇಳ್ಕೊಂಡೆ. ನೀನು ಅವ್ರನ್ನ ಕಳ್ಳ ಅಂದಾಗ ನಾನು ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ಅದು ನನ್ನ ಎದೇಲಿ ಚುಚ್ತಾ ಇದೆ."

ಹಾಗೆಂದು ಅತ್ತೆ ಅತ್ತುಬಿಟ್ಟರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನವೇ ಬಳೇಪೇಟೆಗೆ ಹೋದೆ. ಕ್ಷಮಿಸಿ ಎನ್ನಲು ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತು, "ದೊಡ್ಡಮ್ಮನ ಪಾಠ ನಡೀತಾ ಇದೆಯಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. "ಸಾಕು ಬಿಡಿ. ನಮ್ಮಮ್ಮನಿಗೂ ಹಿಂಗೇ ಆಗಿತ್ತು. ನಾವು ಮನೇಲಿ ನಗಾಡ್ತಿದ್ವಿ" ಎಂದು ಸ್ಟೂಲಿನ ಮೇಲಿದ್ದ ಸಾಮಾನು ಸರಿಸಿ ನನಗೆ ಕೂರಲು ಜಾಗ ಮಾಡಿಕೊಟ್ಟರು.

ಅವರ ಹೆಸರು ಕೆಡಿಸಿದ್ದವಳು ನಾನು, ಸರಿ ಮಾಡಬೇಕಾದವಳೂ ನಾನೇ. ಆದರೆ ನಿಜ ಹೇಳಿದರೆ ಅತ್ತೆಯ ಪಾಠ ನಿಲ್ಲುತ್ತದೆ. ದಾರಿಯುದ್ದಕ್ಕೂ ಯೋಚಿಸಿ, ಮನೆಗೆ ಬಂದವಳೇ ಕಾಂಪೌಂಡಿನ ಹತ್ತಿರ ವನಜಮ್ಮನನ್ನು ಕರೆದೆ.

"ವನಜಮ್ಮಾ, ಆ ಸ್ವಿಚ್ಚು ತಿರುಗಿಸಿ ಹಾಳು ಮಾಡಿದ್ದು ನಾನೇ ಕಣ್ರೀ. ಗುಟ್ಟಾಗಿಟ್ಟು ಪಾಪ ಆ ಮನುಷ್ಯನ ಮೇಲೆ ಹಾಕ್ಬಿಟ್ಟೆ" ಎಂದೆ.

"ಏನ್ರೀ ನೀವು! ಅಷ್ಟೊಂದು ಮಾತಾಡಿದ್ರಲ್ಲ ಅವತ್ತು!" ಎಂದು ಆಕೆ ಬಾಯಿ ಮೇಲೆ ಕೈಯಿಟ್ಟರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ವಾರ ಕಳೆಯುವುದರಲ್ಲಿ ಆಕೆಯ ಟೇಪ್ ರೆಕಾರ್ಡರು ಬಳೇಪೇಟೆಗೆ ವಾಪಸ್ ಹೋಯಿತು.

ಅತ್ತೆ ಆಮೇಲೂ ನಾಲ್ಕು ವರ್ಷ ಪಾಠ ಹೇಳಿದರು. ನಾನು ಕಚೇರಿಯಿಂದ ಬಂದು ಹಾಲಿನ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂರುತ್ತಿದ್ದೆ. ಮಕ್ಕಳು ಸಾಹಿತ್ಯ ತಪ್ಪಿದರೆ ಒಂದು ಸಲ ಕೆಮ್ಮುತ್ತಿದ್ದೆ. ಅತ್ತೆ "ಇನ್ನೊಂದ್ಸಲ ಹೇಳು" ಎನ್ನುತ್ತಿದ್ದರು. ಟೀಚರ ಸೊಸೆಗೆ ಅದೇನು ಬಿಡದ ಕೆಮ್ಮೋ ಎಂದು ಮಕ್ಕಳ ತಾಯಂದಿರು ನನಗೆ ಕಷಾಯದ ಪುಡಿ ತಂದುಕೊಡುತ್ತಿದ್ದರು.

ಅತ್ತೆ ಈಗಿಲ್ಲ, ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ವನಜಮ್ಮ ಇಂದಿಗೂ ತಮ್ಮ ಮನೆಯ ಯಾವ ಗುಂಡಿಯನ್ನೂ ನನಗೆ ಮುಟ್ಟಲು ಬಿಡುವುದಿಲ್ಲ. ಪೆಟ್ಟಿಗೆ ಈಗಲೂ ಕೆಲಸ ಮಾಡುತ್ತಿದೆ, ಕೊನೇ ಸ್ವಿಚ್ಚಿನಲ್ಲಿ. ಮನೆಗೆ ಬಂದವರು "ಏನಿದು, ಇಷ್ಟು ಕೀರಲು?" ಎಂದರೆ, "ತಪ್ಪು ನಂದೇ, ನಾನೇ ಹಾಗೆ ಇಟ್ಟಿದೀನಿ" ಎನ್ನುತ್ತೇನೆ.