ಕಚೇರಿಗೊಂದು ಏಕಾದಶಿ

ನಮ್ಮ ಅಕ್ಕ ಅನಸೂಯ ಮಹಾ ಹಟಮಾರಿ. ತಾಂಬರಂನಿಂದ ಮೂವತ್ತು ವರ್ಷ ಎಲೆಕ್ಟ್ರಿಕ್ ಟ್ರೈನ್ ಹತ್ತಿ ಸರ್ಕಾರಿ ಇಲಾಖೆಯೊಂದರ ಅಂಕಿಅಂಶ ವಿಭಾಗಕ್ಕೆ ಹೋಗಿಬಂದವಳು. ಏಕಾದಶಿ ದಿನ ಮಾತ್ರ ಊಟದ ಡಬ್ಬಿ ಒಯ್ಯುತ್ತಿರಲಿಲ್ಲ.

ನಿವೃತ್ತಿಗೆ ಆರು ತಿಂಗಳಿದ್ದಾಗ ಅವಳಿಗೊಂದು ಕೆಲಸ ಬಿತ್ತು. ಇಲಾಖೆಯ ನಲವತ್ತು ಕಚೇರಿಗಳು ಕಂಪ್ಯೂಟರನ್ನು ಎಷ್ಟು ನೆಚ್ಚಿಕೊಂಡಿವೆ, ಹ್ಯಾಕರ್‌ಗಳು ಅದನ್ನು ಕೆಡಿಸಿದರೆ ಗತಿಯೇನು ಎಂದು ಅಳೆಯಬೇಕಿತ್ತು. ಹೆಚ್ಚಿನವರು 'ನೂರಕ್ಕೆ ನೂರು ಡಿಜಿಟಲ್, ಅಪಾಯ ಇಲ್ಲ' ಎಂದು ಬರೆದು ಕೈತೊಳೆದುಕೊಂಡರು. ಅಕ್ಕನಿಗೆ ರೇಗಿತು. ಒಂದು ದಿನವೂ ಉಪವಾಸ ಮಾಡದವರು ಹಸಿವು ತಡೆಯುತ್ತೇವೆ ಎಂದರೆ ಅವಳು ನಂಬುವವಳೇ? ಮೇಲಿನವರನ್ನು ಕಾಡಿ ಬೇಡಿ ಒಂದು ಆದೇಶ ಹೊರಡಿಸಿದಳು: ಬರುವ ಏಕಾದಶಿಯಂದು ಎರಡು ಗಂಟೆ ಯಾರೂ ಕಂಪ್ಯೂಟರ್ ಮುಟ್ಟಕೂಡದು. ಬಂದ ಜನರಲ್ಲಿ ಎಷ್ಟು ಮಂದಿಯ ಕೆಲಸವಾಯಿತೋ ಅದೇ ಆ ಕಚೇರಿಯ ಅಂಕ. ಮನೆಯಲ್ಲಿ ನಾವೆಲ್ಲ ನಕ್ಕೆವು.

ಕಾಗದವಿಲ್ಲದ ಕಚೇರಿಯೆಂದು ಬಹುಮಾನ ಗೆದ್ದಿದ್ದು ಅವಳ ಮೇಲಧಿಕಾರಿ ಮಂಜುನಾಥ್ ಅವರ ಕಚೇರಿ. ಅಂದು ಅಲ್ಲಿಗೆ ಬಂದ ಅರವತ್ತು ಜನರೂ ಬರಿಗೈಲಿ ಹೋದರು. ಬರೆದುಕೊಡಲು ಒಂದು ಅರ್ಜಿ ನಮೂನೆಯೂ ಇರಲಿಲ್ಲ. ಅಂಕ, ಸೊನ್ನೆ.

ಮಂಜುನಾಥ್ ಅಕ್ಕನನ್ನು ಕರೆದು ಆ ಸೊನ್ನೆಯನ್ನು ತೆಗೆಯಲು ಹೇಳಿದರು. ಅವಳ ನಿವೃತ್ತಿಯ ಕಾಗದಗಳಿಗೆ ತಮ್ಮ ಸಹಿ ಬೇಕೆಂದೂ ನೆನಪಿಸಿದರು.

"ಸೈನು ನೀವು ಹಾಕಿದಾಗ ಹಾಕಿ ಸಾರ್. ನಾಳೆ ನಿಜವಾಗ್ಲೂ ಕಂಪ್ಯೂಟರ್ ನಿಂತುಹೋದ್ರೆ ಅಲೆಯೋದು ಜನ ತಾನೆ?" ಎಂದಳಂತೆ ಅಕ್ಕ.

ಸೊನ್ನೆ ಸೊನ್ನೆಯಾಗಿಯೇ ವರದಿಯಲ್ಲಿ ಹೋಯಿತು. ಸಹಿ ಎರಡು ತಿಂಗಳು ತಡವಾಯಿತು. ಬೀಳ್ಕೊಡುಗೆಗೆ ಮಂಜುನಾಥ್ ಬರಲಿಲ್ಲ.

ಮರುವರ್ಷ ಹ್ಯಾಕರ್‌ಗಳು ಇಲಾಖೆಯ ಸರ್ವರಿಗೇ ಬೀಗ ಜಡಿದರು. ನಾಲ್ಕು ದಿನ ಹೆಚ್ಚಿನ ಕಚೇರಿಗಳು ಕಂಗಾಲು. ಐದನೆಯ ದಿನ ದ್ವಾದಶಿ. ಬೆಳಿಗ್ಗೆ ಏಳಕ್ಕೇ ನಮ್ಮ ಬಾಗಿಲಲ್ಲಿ ಮಂಜುನಾಥ್ ನಿಂತಿದ್ದರು.

ಆ ಸೊನ್ನೆ ಅವರನ್ನು ಚುಚ್ಚಿತ್ತಂತೆ. ಅರ್ಜಿ ನಮೂನೆ, ದಾಖಲೆಗಳ ಪ್ರತಿ ಎಲ್ಲವನ್ನೂ ಕಪಾಟಿನಲ್ಲಿ ಇಡಿಸಿ, ಪ್ರತಿ ಏಕಾದಶಿಯೂ ಎರಡು ಗಂಟೆ ಕಂಪ್ಯೂಟರ್ ಮುಚ್ಚಿಸಿ ಸಿಬ್ಬಂದಿಗೆ ರೂಢಿ ಮಾಡಿಸಿದ್ದರಂತೆ.

"ನಾಲ್ಕು ದಿನ ಉಪವಾಸ ಇದ್ವಿ ಮೇಡಂ. ಒಬ್ಬರನ್ನೂ ವಾಪಸ್ ಕಳಿಸ್ಲಿಲ್ಲ," ಎಂದರು.

ಅಕ್ಕ ಇನ್ನೊಂದು ಎಲೆ ಹಾಕಿದಳು.

"ಹಾಗಾದ್ರೆ ಪಾರಣೆಗೆ ಕೂತ್ಕೊಳ್ಳಿ ಸಾರ್."