ಸೇಬಿನ ಮರಕ್ಕೆ ಎಲೆಯಲ್ಲೇ ಊಟ

"ಅಯ್ಯೋ, ಬುಡಕ್ಕಲ್ಲ ಮಾಲಾ-ಸಾನ್, ಎಲೆಗೆ!" ತೋಟದ ಒಡತಿ ಸಾತೋ ಅಜ್ಜಿ ಕೂಗಿಕೊಂಡರು. ತುಳಸಿಗೆ ನೀರೆರೆದ ಅಭ್ಯಾಸದಲ್ಲಿ ನಾನು ಗೊಬ್ಬರ ಕರಗಿಸಿದ ನೀರನ್ನು ಸೇಬಿನ ಮರದ ಬುಡಕ್ಕೆ ಸುರಿದಿದ್ದೆ. ಜಪಾನಿನ ಸೆಂಡಾಯ್ ಹತ್ತಿರದ ಈ ತೋಟದಲ್ಲಿ ನನ್ನ ಯಜಮಾನರು ರಜೆಯ ದಿನಗಳಲ್ಲಿ ಆರೈಕೆ ಮಾಡುತ್ತಿದ್ದ ಮರ ಅದು. ಅವರು ತೀರಿಕೊಂಡ ಚಳಿಗಾಲದಲ್ಲೇ ಹಿಮದಡಿ ಇಲಿಗಳು ಅದರ ಬೇರು ಕಡಿದಿದ್ದವು. ಅದನ್ನಾದರೂ ಉಳಿಸಿಕೊಳ್ಳೋಣವೆಂದು ಬಂದಿದ್ದೆ.

"ಬೇರು ಸುಧಾರಿಸ್ಕೊಳ್ಳೋ ತನಕ ಎಲೆಯಲ್ಲೇ ಊಟ. ಹಿಂದೆ ಇನ್ನೊಂದು ಮರಕ್ಕೆ ಇಲಿ ಕಡಿದಾಗ ನಿಮ್ಮವರೂ ಮೊದಲ ಸಲ ಹೀಗೇ ಬುಡಕ್ಕೆ ಸುರಿದು ನನ್ ಹತ್ರ ಬೈಸ್ಕೊಂಡಿದ್ರು!" ಎಂದು ಅಜ್ಜಿ ನಕ್ಕರು. ನನಗೂ ನಗು ಬಂತು. ಎಲೆಗಳ ಅಡಿಯೂ ನೆನೆಯುವಂತೆ ಇಬ್ಬರೂ ಸಿಂಪಡಿಸಿದೆವು.

ಮರವೀಗ ಚಿಗುರುತ್ತಿದೆ. ಸಿಂಪಡಿಸಿದ ಆ ದಿನ ಸಂಜೆ ಮನೆಗೆ ಬಂದವಳು, ಅವರು ಹೋದ ಮೇಲೆ ಮೊದಲ ಸಲ, ನನ್ನೊಬ್ಬಳಿಗಾಗಿ ಸಾರು ಮಾಡಿಕೊಂಡೆ.